ಒಂದು ಕೆಜಿ ರಬ್ಬರ್ ಸುಟ್ಟರೆ ಎಷ್ಟು ಕಾರ್ಬನ್ ಡೈಆಕ್ಸೈಡ್? ನಾಲ್ಕು ಉತ್ತರ, ನಾಲ್ಕೂ ಸರಿ

ಪ್ರಶ್ನೆ: ನಮ್ಮದು ಕೊಡಗಿನ ಪೆರಾಜೆಯಲ್ಲಿ ಸಣ್ಣ ರಬ್ಬರ್ ತೋಟ. ಕಳೆದ ಮಳೆಗಾಲದಲ್ಲಿ ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿಗೆ ಬೆಂಕಿ ಬಿದ್ದು 380 ಕೆಜಿ ಶೀಟ್, 120 ಕೆಜಿ ಒಟ್ಟುಪಾಲು (ಮರದಲ್ಲೇ ಹೆಪ್ಪುಗಟ್ಟಿದ ಚೂರು ರಬ್ಬರ್) ಹೋಯಿತು. ಶೀಟಿನಲ್ಲಿ 80 ಕೆಜಿ ಆವತ್ತೇ ನೇತುಹಾಕಿದ ಹಸಿ ಮಾಲು. ಮೂಲೆಯಲ್ಲಿದ್ದ ಹಳೆ ರೈನ್‌ಗಾರ್ಡ್ ಪ್ಲಾಸ್ಟಿಕ್ ಸುಮಾರು 10 ಕೆಜಿ, ಎರಡು ಸವೆದ ಟಯರ್, ಬಿದಿರು, ಅಡಿಕೆ ಸಲಾಕೆ ಎಲ್ಲ ಸೇರಿ 300 ಕೆಜಿ ಮರವೂ ಸುಟ್ಟಿತು. ಕೊನೆಗೆ ಉಳಿದದ್ದು 60 ಕೆಜಿ ಕರಿ ಮುದ್ದೆ. ಮಡಿಕೇರಿಯಲ್ಲಿ ಡಿಗ್ರಿ ಓದುವ ಮಗಳು ಇದನ್ನೇ ಪ್ರಾಜೆಕ್ಟ್ ಮಾಡಿಕೊಂಡಿದ್ದಾಳೆ. ಎಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಯಿತು ಅಂತ ಲೆಕ್ಕ ಹಾಕಬೇಕು. ಹುಡುಕಿದರೆ ಒಂದು ಕೆಜಿ ರಬ್ಬರಿಗೆ ಒಂದು ಕಡೆ 3.2 ಕೆಜಿ ಅಂತಿದೆ, ಇನ್ನೊಂದು ಕಡೆ 2.06, ಮತ್ತೊಂದು ಕಡೆ 0.41. ಅವಳ ಗೆಳತಿ ಹೇಳುವ ಪ್ರಕಾರ ಸೊನ್ನೆ. ಯಾವುದು ಸರಿ? ಒಂದು ಕೆಜಿ ಸುಟ್ಟರೆ ಮೂರು ಕೆಜಿ ಗ್ಯಾಸ್ ಬರುವುದಾದರೂ ಹೇಗೆ? ನಮ್ಮ ಹೊಗೆಗೂಡು ವರ್ಷಕ್ಕೆ ಒಂದೂವರೆ ಟನ್ ಸೌದೆ ತಿನ್ನುತ್ತದೆ, ಅದನ್ನೂ ಸೇರಿಸಬೇಕಾ?

ಉತ್ತರ: ನಾಲ್ಕೂ ಸರಿ. ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಅವು, ಅಷ್ಟೆ. ನಿಮ್ಮ ಮಗಳು ಮೊದಲು ತನ್ನ ಪ್ರಶ್ನೆ ಯಾವುದು ಅಂತ ಗಟ್ಟಿ ಮಾಡಿಕೊಳ್ಳಲಿ. ಆಮೇಲಿನ ಗುಣಾಕಾರ ಏಳನೇ ಕ್ಲಾಸಿನದು.

ಮೂರು ಕೆಜಿ ಹೇಗೆ ಬರುತ್ತದೆ ಅನ್ನುವುದರಿಂದ ಶುರು ಮಾಡೋಣ. ಎಲ್ಲರೂ ಮೊದಲು ಅನುಮಾನ ಪಡುವುದು ಇಲ್ಲಿಯೇ. ಸಹಜ ರಬ್ಬರ್ ಅಂದರೆ ಐಸೊಪ್ರೀನ್ ಅನ್ನುವ ಸಣ್ಣ ತುಂಡು ಸಾವಿರಾರು ಸಲ ಕೊಂಡಿ ಹಾಕಿಕೊಂಡ ಉದ್ದನೆಯ ಸರ. ಆ ಒಂದು ತುಂಡಿನಲ್ಲಿ ಐದು ಕಾರ್ಬನ್ ಪರಮಾಣು, ಎಂಟು ಹೈಡ್ರೋಜನ್ ಪರಮಾಣು. ಆಕ್ಸಿಜನ್ ಇಲ್ಲವೇ ಇಲ್ಲ. ರಬ್ಬರಿನಲ್ಲಿ ಕಾರ್ಬನ್ ಮತ್ತು ಹೈಡ್ರೋಜನ್ ಈ ಪ್ರಮಾಣದಲ್ಲಿವೆ ಅಂತ ಮೈಕೆಲ್ ಫ್ಯಾರಡೆ 1826ರಲ್ಲೇ ವಿಶ್ಲೇಷಣೆ ಮಾಡಿ ತೋರಿಸಿದ್ದ. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಫ್ಯಾರಡೆ.

ತೂಕದಲ್ಲಿ ನೋಡಿ. ಕಾರ್ಬನ್ ಒಂದಕ್ಕೆ 12, ಐದಕ್ಕೆ 60. ಹೈಡ್ರೋಜನ್ ಎಂಟಕ್ಕೆ 8. ಒಟ್ಟು 68. ಅಂದರೆ ಶುದ್ಧ ರಬ್ಬರಿನ ತೂಕದಲ್ಲಿ ನೂರಕ್ಕೆ 88 ಪಾಲು ಬರೀ ಕಾರ್ಬನ್. ಸೌದೆಯಲ್ಲಿ ಒಣ ತೂಕದ ಅರ್ಧದಷ್ಟೂ ಇರುವುದಿಲ್ಲ. ಸುಡುವಾಗ ಒಂದೊಂದು ಕಾರ್ಬನ್ನೂ ಗಾಳಿಯಿಂದ ಎರಡೆರಡು ಆಕ್ಸಿಜನ್ ಹಿಡಿದುಕೊಂಡು ಹೋಗುತ್ತದೆ. ಆಕ್ಸಿಜನ್ನಿನ ತೂಕ 16. ಹಾಗಾಗಿ 12 ಇದ್ದದ್ದು 44 ಆಗುತ್ತದೆ. ಐದು ಕಾರ್ಬನ್ನಿಗೆ 220. ಇದನ್ನು 68ರಿಂದ ಭಾಗಿಸಿ, 3.23 ಬಂತು ಅಲ್ವಾ? ನಿಮಗೆ ಸಿಕ್ಕ 3.2 ಇದೇ.

ಹೆಚ್ಚುವರಿ ತೂಕವೆಲ್ಲ ಗಾಳಿಯದು. ಒಂದು ಕೆಜಿ ರಬ್ಬರ್ ಪೂರ್ತಿ ಸುಡಲು 3.29 ಕೆಜಿ ಆಕ್ಸಿಜನ್ ಬೇಕು. ಹೊರಬರುವುದು 3.23 ಕೆಜಿ ಕಾರ್ಬನ್ ಡೈಆಕ್ಸೈಡ್ ಮತ್ತು 1.06 ಕೆಜಿ ನೀರಿನ ಆವಿ. ಒಳಗೆ ಹೋದದ್ದು 4.29, ಹೊರಬಂದದ್ದೂ 4.29. ಪ್ರಾಜೆಕ್ಟಿನಲ್ಲಿ ಈ ತಾಳೆಯನ್ನು ತಪ್ಪದೆ ತೋರಿಸಲು ಹೇಳಿ. ವೈವಾದಲ್ಲಿ ಮೊದಲು ಕೇಳುವುದೇ ಇದನ್ನು. ಆ ಆಕ್ಸಿಜನ್ ಬರಬೇಕಾದರೆ ಸುಮಾರು 14 ಕೆಜಿ ಗಾಳಿ ಬೇಕು. ಮುಚ್ಚಿದ ಹೊಗೆಗೂಡಿನಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಕರಿ ಹೊಗೆ ಏಳುವುದು ಅದಕ್ಕೇ. ಅದರ ಸುದ್ದಿ ಮುಂದೆ ಬರುತ್ತದೆ.

ಇನ್ನೊಂದು ಮಾತು, ಲೆಕ್ಕವನ್ನು ಯಾವಾಗಲೂ ತೂಕದಲ್ಲೇ ಇಡಿ, ಲೀಟರಿನಲ್ಲಿ ಬೇಡ. ಇದೇ 3.23 ಕೆಜಿ ಗ್ಯಾಸ್ ಘಟ್ಟದ ಕೆಳಗೆ ಸುಮಾರು 1.8 ಘನ ಮೀಟರ್ ಜಾಗ ಹಿಡಿದರೆ, ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ 2 ಘನ ಮೀಟರ್ ಆಗುತ್ತದೆ. ತೂಕ ಮಾತ್ರ ಪೆರಾಜೆಯಲ್ಲೂ ಅಷ್ಟೇ, ರಾಜಾಸೀಟಿನಲ್ಲೂ ಅಷ್ಟೇ.

ಆದರೆ 3.23 ಅನ್ನುವುದು ಶುದ್ಧ ರಬ್ಬರಿಗೆ. ನಿಮ್ಮ ಶೀಟ್ ಶುದ್ಧವಲ್ಲ. ಒಳ್ಳೆಯ ಆರ್‌ಎಸ್‌ಎಸ್ (ಹೊಗೆಯಲ್ಲಿ ಒಣಗಿಸಿದ) ಶೀಟಿನಲ್ಲೂ ರಬ್ಬರ್ ಇರುವುದು ನೂರಕ್ಕೆ 93-94. ಮಿಕ್ಕಿದ್ದು ರಬ್ಬರ್ ಮರದ ಹಾಲಿನಿಂದಲೇ ಬಂದ ಪ್ರೋಟೀನ್, ಕೊಬ್ಬಿನಂಥ ಅಂಶ, ಚೂರು ಬೂದಿ, ಚೂರು ನೀರು. ಪ್ರೋಟೀನ್ ಮತ್ತು ಕೊಬ್ಬಿನಲ್ಲೂ ಕಾರ್ಬನ್ ಇದೆ, ಅವೂ ಸುಡುತ್ತವೆ. ಎಲ್ಲ ಸೇರಿಸಿದರೆ ಒಣಗಿದ ಶೀಟಿನಲ್ಲಿ ನೂರಕ್ಕೆ 86ರಷ್ಟು ಕಾರ್ಬನ್. ಅದನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ ಕೆಜಿಗೆ 3.15. ನಿಮ್ಮ ಲೆಕ್ಕಕ್ಕೆ ಈ 3.15 ಇಟ್ಟುಕೊಳ್ಳಿ.

ನಿಜವಾಗಿ ಲೆಕ್ಕ ಕೆಡಿಸುವುದು ನೀರು. ಮರದಿಂದ ಬಂದ ಹಾಲಿನಲ್ಲಿ ಒಣ ರಬ್ಬರ್ ಇರುವುದು ಮೂರನೇ ಒಂದು ಪಾಲಿನ ಆಸುಪಾಸು, ಉಳಿದದ್ದು ನೀರು. ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ರೋಲರಿಗೆ ಕೊಟ್ಟಾಗ ಬಹಳಷ್ಟು ನೀರು ಹೋಗುತ್ತದೆ. ಆದರೂ ಆವತ್ತೇ ನೇತುಹಾಕಿದ ಶೀಟ್ ಬೆಳ್ಳಗೆ, ಮುಟ್ಟಿದರೆ ತಣ್ಣಗೆ ಇರುತ್ತದೆ. ಅದರ ತೂಕದಲ್ಲಿ ಕಾಲು ಭಾಗ ನೀರು ಅಂತ ಹಿಡಿಯೋಣ. ನಾಲ್ಕು ದಿನ ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆ ಬಿಳಿ ಚುಕ್ಕೆ ಕಾಣದಿದ್ದರೆ ಒಣಗಿದೆ ಅಂತ ಅರ್ಥ. ಗ್ರೇಡ್ ನೋಡುವಾಗ ನೀವು ಮಾಡುವ ಪರೀಕ್ಷೆಯೇ ಇದು. ಕಾರ್ಬನ್ ಲೆಕ್ಕಕ್ಕೂ ಅದೇ ಸಾಕು.

ಹಾಗಾಗಿ 300 ಕೆಜಿ ಒಣ ಶೀಟ್ ಹಾಗೇ 300. ಹಸಿ 80 ಕೆಜಿಯಲ್ಲಿ 20 ಕೆಜಿ ನೀರು ಕಳೆದರೆ 60. ಒಟ್ಟು 360. ಒಟ್ಟುಪಾಲಿನಲ್ಲಿ ನೀರಿನ ಜೊತೆ ತೊಗಟೆ, ಮಣ್ಣು ಎಲ್ಲ ಅಂಟಿಕೊಂಡಿರುತ್ತದೆ. ಅದರಲ್ಲೂ ಕಾಲು ಭಾಗ ತೆಗೆದರೆ 120ರಲ್ಲಿ 90. ಮಳೆಗಾಲದ ಮಾಲು ಆದ್ದರಿಂದ ಇದು ಇನ್ನೂ ಕಡಿಮೆ ಇರಬಹುದು. ಈಗ 360 ಮತ್ತು 90 ಸೇರಿ 450 ಕೆಜಿ ಒಣ ರಬ್ಬರ್. ಇದಕ್ಕೆ 3.15ರ ಲೆಕ್ಕದಲ್ಲಿ 1,418 ಕೆಜಿ ಕಾರ್ಬನ್ ಡೈಆಕ್ಸೈಡ್.

ಅದರಲ್ಲಿ ಕರಿ ಮುದ್ದೆಯನ್ನು ಕಳೆಯಬೇಕು. ನೀವು ಅದನ್ನು ತೂಕ ಹಾಕಿ ಇಟ್ಟದ್ದು ಬಹಳ ಒಳ್ಳೆಯದಾಯಿತು. ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲ. ಅರೆಬೆಂದು ಡಾಂಬರಿನ ಹಾಗೆ ಕರಗಿ, ನೀರು ಬಿದ್ದ ಮೇಲೆ ಗಟ್ಟಿಯಾದ ರಬ್ಬರ್ ಅದು. ಅದರ ಕಾರ್ಬನ್ ಇನ್ನೂ ನಿಮ್ಮ ಅಂಗಳದಲ್ಲೇ ಇದೆ, ಗಾಳಿಗೆ ಹೋಗಿಲ್ಲ. ಅದನ್ನು ಸರಿಸುಮಾರು ರಬ್ಬರ್ ಅಂತಲೇ ಎಣಿಸಿದರೆ 60 ಕೆಜಿಗೆ 189 ಕೆಜಿ ಕಳೆಯಬೇಕು. ಉಳಿದದ್ದು 1,229.

ಈಗ ಮಿಕ್ಕ ಸಾಮಾನು. ರೈನ್‌ಗಾರ್ಡ್ ಪ್ಲಾಸ್ಟಿಕ್ ವಿಷಯ ನನಗೆ ಇಡೀ ಪ್ರಶ್ನೆಯಲ್ಲೇ ಸ್ವಾರಸ್ಯ ಅನ್ನಿಸಿದ್ದು. ಕಾಫಿ ಕಡೆಯ ಓದುಗರಿಗಾಗಿ ಹೇಳುತ್ತೇನೆ: ಸಂಪಾಜೆ, ಚೆಂಬು, ಪೆರಾಜೆಯ ಮಳೆಯಲ್ಲಿ ಟ್ಯಾಪಿಂಗ್ (ತೊಗಟೆ ಗೀರಿ ಹಾಲು ಇಳಿಸುವುದು) ಮಾಡಬೇಕೆಂದರೆ ಮರಕ್ಕೆ ಪಾಲಿಥಿನ್ ಲಂಗ ಕಟ್ಟಬೇಕು. ಇಲ್ಲದಿದ್ದರೆ ನೀರು ಕಾಂಡದ ಮೇಲಿಂದ ಹರಿದು ಬಂದು ಹಾಲೆಲ್ಲ ತೊಳೆದುಹೋಗುತ್ತದೆ. ಆ ಪಾಲಿಥಿನ್‌ನಲ್ಲಿ ಒಂದು ಕಾರ್ಬನ್ನಿಗೆ ಎರಡು ಹೈಡ್ರೋಜನ್. ತೂಕ 14. ಸುಟ್ಟರೆ 44. ಅಂದರೆ ಕೆಜಿಗೆ 3.14 ಕೆಜಿ ಕಾರ್ಬನ್ ಡೈಆಕ್ಸೈಡ್.

ಗಮನಿಸಿದಿರಾ? ರಬ್ಬರ್ ಶೀಟಿಗೆ 3.15, ಪ್ಲಾಸ್ಟಿಕ್ಕಿಗೆ 3.14. ಹೊಗೆಯಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಆದರೆ ಹವಾಮಾನದ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಖಾತೆ. ಪಾಲಿಥಿನ್ನಿನ ಕಾರ್ಬನ್ ಕೋಟ್ಯಂತರ ವರ್ಷ ನೆಲದಡಿ ಇದ್ದ ಪೆಟ್ರೋಲಿಯಂನಿಂದ ಬಂದದ್ದು. ಅದು ಗಾಳಿಗೆ ಹೊಸದಾಗಿ ಸೇರುತ್ತದೆ. ರಬ್ಬರಿನ ಕಾರ್ಬನ್ನನ್ನು ನಿಮ್ಮ ಮರದ ಎಲೆಗಳು ಈಚಿನ ವರ್ಷಗಳಲ್ಲಿ ಗಾಳಿಯಿಂದಲೇ ಎಳೆದುಕೊಂಡದ್ದು. ಬೆಂಕಿ ಅದನ್ನು ವಾಪಸ್ ಕೊಟ್ಟಿತು. ಮಗಳ ಗೆಳತಿ ಹೇಳಿದ ಸೊನ್ನೆ ಇಲ್ಲಿಂದ ಬಂದದ್ದು. ದೇಶಗಳ ಹಸಿರುಮನೆ ಅನಿಲದ ಲೆಕ್ಕಕ್ಕೆ ನಿಯಮ ಬರೆಯುವ ಐಪಿಸಿಸಿ ಕೂಡ ಗಿಡಮರದಿಂದ ಬಂದ ಕಾರ್ಬನ್ನನ್ನು ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡನ್ನು ಇಂಧನ ಮತ್ತು ಕಸದ ಮೊತ್ತಕ್ಕೆ ಕೂಡಿಸುವುದಿಲ್ಲ, ಪಕ್ಕದಲ್ಲಿ ಮಾಹಿತಿಗಾಗಿ ಬರೆದಿಡುತ್ತದೆ.

ಆದರೆ ಸೊನ್ನೆ ಅಂದಾಕ್ಷಣ ಖುಷಿಪಡಬೇಕಿಲ್ಲ. ಸೊನ್ನೆ ಆಗುವುದು ಆ ಕಾರ್ಬನ್ ಡೈಆಕ್ಸೈಡ್ ಮಾತ್ರ. ಅದೇ ಬೆಂಕಿಯಿಂದ ಬರುವ ಮೀಥೇನ್, ನೈಟ್ರಸ್ ಆಕ್ಸೈಡ್ ಎರಡನ್ನೂ ಲೆಕ್ಕಕ್ಕೆ ತಗೊಳ್ಳಲೇಬೇಕು, ಮೂಲ ಮರವೇ ಆಗಿರಲಿ. ಇನ್ನು ಕಾಡು ಕಡಿದು ರಬ್ಬರ್ ಹಾಕಿದ್ದರೆ ಆ ಕಾಡಿನಲ್ಲಿದ್ದ ಕಾರ್ಬನ್ ನಷ್ಟ ಭೂಬಳಕೆಯ ಖಾತೆಗೆ ಹೋಗುತ್ತದೆ. ತೋಟಕ್ಕೆ ಹಾಕಿದ ಯೂರಿಯಾದ ಲೆಕ್ಕವೂ ಬೇರೆ. ಯಾರಾದರೂ ‘ರಬ್ಬರ್ ಕಾರ್ಬನ್ ನ್ಯೂಟ್ರಲ್’ ಅಂತ ಒಂದೇ ಮಾತಲ್ಲಿ ಮುಗಿಸಿದರೆ ನನಗೆ ನಂಬಿಕೆ ಬರುವುದಿಲ್ಲ.

ಈಗ 2.06 ಮತ್ತು 0.41. ಇವೆರಡೂ ಐಪಿಸಿಸಿಯ 2006ರ ಮಾರ್ಗಸೂಚಿಯ ಕಸದ ಅಧ್ಯಾಯದಿಂದ ಹುಟ್ಟಿದ ಅಂಕಿಗಳು. ಅಲ್ಲಿ ‘ರಬ್ಬರ್ ಮತ್ತು ಚರ್ಮ’ ಅಂತ ಒಂದೇ ಸಾಲು ಇದೆ. ಊರ ಕಸದಲ್ಲಿ ಸಿಗುವ ಹಳೆ ಚಪ್ಪಲಿ, ಬೆಲ್ಟ್, ಬೂಟು ಎಲ್ಲ ಸೇರಿದ ರಾಶಿ ಅದು. ಅದಕ್ಕೆ ಒಣ ಭಾಗ ನೂರಕ್ಕೆ 84, ಆ ಒಣ ಭಾಗದಲ್ಲಿ ಕಾರ್ಬನ್ ನೂರಕ್ಕೆ 67, ಆ ಕಾರ್ಬನ್ನಿನಲ್ಲಿ ಪೆಟ್ರೋಲಿಯಂ ಮೂಲದ್ದು ನೂರಕ್ಕೆ 20 ಅಂತ ಸರಾಸರಿ ಕೊಟ್ಟಿದ್ದಾರೆ. 0.84, 0.67, ಆಮೇಲೆ 44 ಭಾಗಿಸು 12, ಇವನ್ನು ಗುಣಿಸಿದರೆ 2.06. ಅದರಲ್ಲಿ ಐದನೇ ಒಂದು ಪಾಲು 0.41. ಪಟ್ಟಣ ಪಂಚಾಯಿತಿಯ ಕಸದ ಲೆಕ್ಕಕ್ಕೆ ಇದು ಸರಿ. ಶೀಟ್ ತುಂಬಿದ ಹೊಗೆಗೂಡಿಗೆ ಈ ಸರಾಸರಿ ಹಾಕಿದರೆ ಮೂರನೇ ಒಂದು ಪಾಲು ಹೊಗೆಯೇ ಮಾಯವಾಗುತ್ತದೆ.

ಚಪ್ಪಲಿ, ಬೂಟು ಅಂದೆ. ತೋಟದಲ್ಲಿ ಜಿಗಣೆಗೆ ಹೆದರಿ ಹಾಕಿಕೊಳ್ಳುವ ಗಂಬೂಟನ್ನು ನಾವೆಲ್ಲ ರಬ್ಬರ್ ಬೂಟು ಅಂತಲೇ ಕರೆಯುತ್ತೇವೆ. ಈಗ ಸಿಗುವವು ಬಹಳಷ್ಟು ಪಿವಿಸಿ ಅನ್ನುವ ಪ್ಲಾಸ್ಟಿಕ್. ಅದರಲ್ಲಿ ಕ್ಲೋರಿನ್ ಇದೆ, ಸುಟ್ಟರೆ ಗಂಟಲು ಕೊರೆಯುವ ಆಸಿಡ್ ಹೊಗೆ. ರಬ್ಬರಿನದೇ ಸಾಮಾನಾದರೂ ಅಗ್ಗದ್ದಾದರೆ ಸುಣ್ಣಕಲ್ಲಿನ ಪುಡಿ ಬೆರೆಸಿರುತ್ತಾರೆ. ಜೋರು ಬೆಂಕಿಯಲ್ಲಿ ಆ ಪುಡಿಯೂ ಒಡೆದು ತನ್ನ ಪಾಲಿನ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಅದು ಮರದ್ದಲ್ಲ. ನಿಮ್ಮ ಕೇಸಿನಲ್ಲಿ ಇವೇನೂ ಇಲ್ಲ, ಒಳ್ಳೆಯದೇ ಆಯಿತು.

ಟಯರ್ ಇದೆಯಲ್ಲ. ಟಯರನ್ನು ರಬ್ಬರ್ ಅಂತ ಎಣಿಸುವುದೇ ಎಲ್ಲರೂ ಮಾಡುವ ದೊಡ್ಡ ತಪ್ಪು. ಒಂದು ಟಯರ್ ಹತ್ತು ಕೆಜಿ ಅಂತ ಇಟ್ಟುಕೊಳ್ಳಿ. ಲೆಕ್ಕಕ್ಕಾಗಿ ಹೀಗೆ ಹಂಚೋಣ: ಸಹಜ ರಬ್ಬರ್ 2 ಕೆಜಿ, ಪೆಟ್ರೋಲಿಯಂನಿಂದ ಮಾಡಿದ ಕೃತಕ ರಬ್ಬರ್ 2.5, ಕಾರ್ಬನ್ ಬ್ಲ್ಯಾಕ್ ಅನ್ನುವ ಕಪ್ಪು ಪುಡಿ 2.7, ಉಕ್ಕಿನ ತಂತಿ 1.3, ಎಣ್ಣೆ, ನೂಲು ಇತ್ಯಾದಿ 1.5. ಲಾರಿ ಟಯರಾದರೆ ಸಹಜ ರಬ್ಬರ್ ಇದಕ್ಕಿಂತ ಜಾಸ್ತಿ ಇರುತ್ತದೆ. ಸಹಜ ರಬ್ಬರಿಗೆ 6.4 ಕೆಜಿ ಕಾರ್ಬನ್ ಡೈಆಕ್ಸೈಡ್. ಕೃತಕ ರಬ್ಬರಿಗೆ ಕೆಜಿಗೆ ಸುಮಾರು 3.3ರಂತೆ 8.2. ಕಾರ್ಬನ್ ಬ್ಲ್ಯಾಕ್ ಬಹುಪಾಲು ಶುದ್ಧ ಕಾರ್ಬನ್ನೇ, ಕೆಜಿಗೆ 3.55ರಂತೆ 9.6. ಉಕ್ಕಿಗೆ ಸೊನ್ನೆ. ಮಿಕ್ಕಿದ್ದಕ್ಕೆ 3.8 ಅಂತ ಹಾಕಿ. ಒಟ್ಟು 28 ಕೆಜಿ, ಅದರಲ್ಲಿ ಮರದಿಂದ ಬಂದದ್ದು ಬರೀ 6.4. ಎರಡು ಟಯರಿಗೆ 56. ಅದರಲ್ಲಿ 43 ಪೆಟ್ರೋಲಿಯಂನದು.

ಮರದ ಸಾಮಾನಿಗೆ ಲೆಕ್ಕ ಸುಲಭ. ಗಾಳಿಯಲ್ಲಿ ಒಣಗಿದ ಮರದಲ್ಲಿ ಐದನೇ ಒಂದು ಪಾಲು ನೀರು, ಒಣ ಭಾಗದಲ್ಲಿ ನೂರಕ್ಕೆ 48 ಕಾರ್ಬನ್. ಕೆಜಿಗೆ 1.4 ಬರುತ್ತದೆ. 300 ಕೆಜಿಗೆ 420.

ಈಗ ಎರಡು ಕಾಲಂ ಹಾಕಿ ಕೂಡಿಸಲಿ. ಗಿಡಮರದ ಕಾಲಂನಲ್ಲಿ ರಬ್ಬರಿನ 1,229, ಮರದ 420, ಟಯರಿನೊಳಗಿನ ಸಹಜ ರಬ್ಬರಿನ 13. ಒಟ್ಟು 1,662 ಕೆಜಿ. ಪೆಟ್ರೋಲಿಯಂ ಕಾಲಂನಲ್ಲಿ ಪ್ಲಾಸ್ಟಿಕ್ಕಿನ 31, ಟಯರಿನ 43. ಒಟ್ಟು 74 ಕೆಜಿ. ಎರಡೂ ಸೇರಿ 1,736. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಾಗಾಗಿ ನಿಮ್ಮ ಬೆಂಕಿಯಿಂದ ಗಾಳಿಗೆ ಹೊಸದಾಗಿ ಸೇರಿದ್ದು 27-28 ಲೀಟರ್ ಡೀಸೆಲಿನಷ್ಟು. ರಾಶಿ ದೊಡ್ಡದಿದ್ದರೂ ಆ ಕಾಲಂ ತುಂಬಿದ್ದು ಮೂಲೆಯಲ್ಲಿ ಬಿಸಾಕಿದ್ದ ಪ್ಲಾಸ್ಟಿಕ್ ಮತ್ತು ಟಯರ್.

ಮಗಳು 1,736 ಅಂತ ಕೊನೆಯ ಅಂಕಿಯವರೆಗೂ ಬರೆಯುವುದು ಬೇಡ. ಹಸಿ ಶೀಟಿನ ನೀರು, ಒಟ್ಟುಪಾಲಿನ ಮಣ್ಣು, ಟಯರಿನ ಹಂಚಿಕೆ ಎಲ್ಲ ಅಂದಾಜು. ‘1.6ರಿಂದ 1.8 ಟನ್’ ಅಂತ ಬರೆದರೆ ಸಾಕು. ಕ್ಯಾಲ್ಕುಲೇಟರ್ ತೋರಿಸಿದ್ದನ್ನೆಲ್ಲ ಬರೆದುಬಿಟ್ಟರೆ ಅಳತೆ ನಿಖರವಾಗಿಬಿಡುತ್ತದಾ?

ಕರಿ ಹೊಗೆಗೆ ಬರೋಣ. ಮೇಲಿನ ಲೆಕ್ಕವೆಲ್ಲ ಕಾರ್ಬನ್ ಪೂರ್ತಿ ಸುಟ್ಟಿತು ಅಂತ ಎಣಿಸಿ ಮಾಡಿದ್ದು. ಅಂದರೆ ಅದು ಮೇಲಿನ ಮಿತಿ. ರಬ್ಬರ್ ಉರಿಯುವಾಗ ಹಳದಿ ಜ್ವಾಲೆ, ಅದರ ತುದಿಯಿಂದಲೇ ಎಳೆ ಎಳೆಯಾಗಿ ಮಸಿ ಎದ್ದು ಹೆಂಚಿಗೆ, ಪಕ್ಕದ ಅಡಿಕೆ ಮರಕ್ಕೆ ಅಂಟಿಕೊಳ್ಳುತ್ತದೆ. ಆ ಮಸಿ ಅಂದರೆ ಕಾರ್ಬನ್ ಡೈಆಕ್ಸೈಡ್ ಆಗದೆ ತಪ್ಪಿಸಿಕೊಂಡ ಕಾರ್ಬನ್. ನೂರಕ್ಕೆ ಹತ್ತು ಪಾಲು ಕಾರ್ಬನ್ ಮಸಿಯಾಯಿತು ಅಂತ ಎಣಿಸಿದರೆ ರಬ್ಬರಿನ 1,229 ಕೆಜಿ 1,106ಕ್ಕೆ ಇಳಿಯುತ್ತದೆ. ಆದರೆ ಇದನ್ನು ಲಾಭ ಅಂದುಕೊಳ್ಳಬೇಡಿ. ಮಸಿ ಬಿಸಿಲನ್ನು ಹೀರಿ ಗಾಳಿಯನ್ನು ಬಿಸಿ ಮಾಡುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು. ಅರೆಬರೆ ಸುಟ್ಟಾಗ ಬರುವ ಇನ್ನೊಂದು ಗ್ಯಾಸ್ ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ಹೊರಗಿನ ಗಾಳಿಗೆ ಹೋದರೆ ಕೆಲವು ತಿಂಗಳೊಳಗೆ ಅದೂ ಕಾರ್ಬನ್ ಡೈಆಕ್ಸೈಡ್ ಆಗಿಬಿಡುವುದರಿಂದ ಅದಕ್ಕೆ ಬೇರೆ ಕಳೆಯಬೇಕಿಲ್ಲ. ಪ್ರಾಜೆಕ್ಟಿನಲ್ಲಿ ಪೂರ್ತಿ ಸುಟ್ಟ ಲೆಕ್ಕ ಒಂದು, ಮಸಿ ಕಳೆದ ಲೆಕ್ಕ ಇನ್ನೊಂದು, ಎರಡನ್ನೂ ಕೊಡಲಿ.

ಅಂದ ಹಾಗೆ, ಬೆಂಕಿ ಯಾಕೆ ಕೈಗೆ ಸಿಗಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ರಬ್ಬರಿನಲ್ಲಿರುವ ಶಾಖ ಕೆಜಿಗೆ ಸುಮಾರು 44 ಮೆಗಾಜೂಲ್, ಡೀಸೆಲ್‌ಗೆ ಸರಿಸಮ. ಒಣ ಸೌದೆಯದು 15ರ ಆಸುಪಾಸು. ಒಂದು ಶೀಟ್ ಸಲಾಕೆಯಿಂದ ಜಾರಿ ಒಲೆಗೆ ಬಿದ್ದರೆ ಸಾಕು. ಗೂಡು ಮತ್ತೆ ಕಟ್ಟುವಾಗ ಒಲೆಯನ್ನು ಹೊರಗಿಟ್ಟು ಹೊಗೆಯನ್ನು ಮಾತ್ರ ಕೊಳವೆಯಲ್ಲಿ ಒಳಗೆ ಬಿಡಿ.

ಸೌದೆಯ ಪ್ರಶ್ನೆಗೆ ಉತ್ತರ: ಈ ಬೆಂಕಿಯ ಲೆಕ್ಕಕ್ಕೆ ಸೇರಿಸಬೇಡಿ, ಆದರೆ ಪಕ್ಕದಲ್ಲಿ ಬರೆಯಿರಿ. ವರ್ಷಕ್ಕೆ 1,500 ಕೆಜಿ ಸೌದೆಗೆ 1.4ರಂತೆ 2,100 ಕೆಜಿ. ಇಡೀ ಗೂಡು ಸುಟ್ಟುಹೋದಾಗ ಬಂದದ್ದಕ್ಕಿಂತ ಜಾಸ್ತಿ, ಅದೂ ಪ್ರತಿ ವರ್ಷ! ಹಳೆ ರಬ್ಬರ್ ಮರ ಕಡಿದು ಅದರದೇ ಸೌದೆ ಉರಿಸಿ, ಆ ಜಾಗದಲ್ಲಿ ಮತ್ತೆ ಸಸಿ ನೆಟ್ಟಿದ್ದರೆ ಅದು ಗಿಡಮರದ ಕಾಲಂಗೇ ಹೋಗುತ್ತದೆ. ಹೊಗೆಗೂಡಿನ ಮಾಡಿಗೆ ಪಾರದರ್ಶಕ ಶೀಟ್ ಹಾಕಿ ಬೇಸಿಗೆಯಲ್ಲಿ ಬಿಸಿಲಿನ ಶಾಖ ಬಳಸಿಕೊಂಡರೆ ಸೌದೆ ಒಂದಿಷ್ಟು ಉಳಿಯುತ್ತದೆ. ಜೂನ್-ಜುಲೈಯಲ್ಲಿ ನಿಮ್ಮ ಕಡೆ ಬಿಸಿಲು ಎಲ್ಲಿ ಬರಬೇಕು, ಆಗ ಸೌದೆಯೇ ಗತಿ.

ಕೊನೆಯದಾಗಿ, ಅಂದಾಜು ಬಿಟ್ಟು ಒಂದಾದರೂ ನಿಜವಾದ ಅಳತೆ ಸೇರಿಸಲಿ. ಈ ವರ್ಷದ ಒಟ್ಟುಪಾಲಿನಿಂದ ಒಂದು ಹಿಡಿ ತೆಗೆದು ಅಡಿಗೆ ಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಸಣ್ಣಗೆ ಕತ್ತರಿಸಿ, ಕಾಲೇಜಿನ ಲ್ಯಾಬಿನ ಓವನ್‌ನಲ್ಲಿ 70 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಲಿ. ನಾನು ಹಾಕಿದ ಕಾಲು ಭಾಗದ ಅಂದಾಜಿನ ಜಾಗದಲ್ಲಿ ಆ ಅಳತೆ ಕೂರಲಿ. ಕರಿ ಮುದ್ದೆಯ ಒಂದು ತುಂಡನ್ನೂ ಹೀಗೇ ಒಣಗಿಸಿ ನೋಡಲಿ. ಬೆಂಕಿ ಆರಿಸುವಾಗ ಹೊಯ್ದ ನೀರು ಒಳಗೆ ಉಳಿದಿದ್ದರೆ 60 ಕೆಜಿ ಅನ್ನುವುದು ಐವತ್ತೂ ಆಗಬಹುದು. ಆಗ ಕಳೆಯಬೇಕಾದ್ದು 189 ಅಲ್ಲ, 158. ಆ ಮುದ್ದೆಯನ್ನು ಜಾಗ ಖಾಲಿ ಮಾಡಲು ಅಂತ ಸುಮ್ನೆ ಸುಟ್ಟುಬಿಡಬೇಡಿ. ಸುಟ್ಟರೆ ಕಳೆದದ್ದನ್ನೆಲ್ಲ ಮತ್ತೆ ಕೂಡಿಸಬೇಕಾಗುತ್ತದೆ, ಮೇಲಿಂದ ಆ ಕರಿ ಹೊಗೆ ಬೇರೆ.